ಕಾಗದದಲ್ಲಿ ಉಳಿದ ನಾಯಕ

ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಎಸ್. ಬಂಗಾರಪ್ಪನವರ ಮಾತು ತೆಗೆದರೆ ಮೊದಲು ಏಳುವ ಪ್ರಶ್ನೆ, ಊರಿಗೆ ಏನು ಮಾಡಿದರು? ಭದ್ರಾವತಿಯ ನ್ಯೂಟೌನಿನಲ್ಲಿ ಕೇಳುವುದೇ ಬೇರೆ, ಕಾರ್ಖಾನೆಗೆ ಏನು ಮಾಡಿದರು? ಸೊರಬದ ಕಡೆ ಹೋದರೆ ಪ್ರಶ್ನೆಯೇ ಇಲ್ಲ. ನಮಗೆ ಇಂಥಿಂಥದು ಕೊಟ್ಟರು ಎಂದು ಲೆಕ್ಕ ಹೇಳಲು ಶುರುಮಾಡುತ್ತಾರೆ. ಮೂರೂ ಒಂದೇ ಲೋಕಸಭಾ ಕ್ಷೇತ್ರದ ಊರುಗಳು. 2011ರ ಡಿಸೆಂಬರ್ 26ರಂದು ಬಂಗಾರಪ್ಪ ತೀರಿಕೊಂಡ ಮೇಲೂ ಈ ಮೂರು ಮಾತು ಒಂದಾಗಿಲ್ಲ. ಜನ ಪಕ್ಷದ ಮೇಲೆ ಹಂಚಿಹೋಗಿದ್ದಾರೆ, ಜಾತಿಯ ಮೇಲೆ ಹಂಚಿಹೋಗಿದ್ದಾರೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಭೇದ ಇರುವುದು ಅಳೆಯುವ ಕೋಲಿನಲ್ಲಿ.

ನಗರದ ಕೋಲು ಸಿಮೆಂಟಿನದು. ಕಣ್ಣಿಗೆ ಕಾಣುವ ರಸ್ತೆ, ಸೇತುವೆ, ಕಟ್ಟಡ ಅದಕ್ಕೆ ಬೇಕು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನ ಯಡಿಯೂರಪ್ಪನವರ ಹುಟ್ಟುಹಬ್ಬವೂ ಆಗಿತ್ತು. ಯಾರ ಕೊಡುಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅಂಥದೊಂದು ಕಟ್ಟಡವನ್ನು ಬಂಗಾರಪ್ಪನವರ ಹೆಸರಿನ ಮುಂದೆ ಬರೆಯಲು ನಗರದವರಿಗೆ ಸಿಗುವುದಿಲ್ಲ. 1990ರ ಅಕ್ಟೋಬರ್ 17ರಿಂದ 1992ರ ನವೆಂಬರ್ 19ರವರೆಗೆ, ಎರಡು ವರ್ಷ ಚಿಲ್ಲರೆ ತಿಂಗಳು ಮುಖ್ಯಮಂತ್ರಿಯಾಗಿದ್ದ ಅವರು ಬಿಟ್ಟುಹೋದದ್ದು ಹೆಚ್ಚಾಗಿ ಕಾಗದ: ಆಶ್ರಯದ ಹಕ್ಕುಪತ್ರ, ಬಗರ್‌ಹುಕುಂ ಅರ್ಜಿ, ಗ್ರಾಮೀಣ ಕೃಪಾಂಕದ ಪ್ರಮಾಣಪತ್ರ. ಇವು ಇರುವುದು ಮನೆಯ ಟ್ರಂಕಿನಲ್ಲಿ, ಊರಿನ ಸರ್ಕಲ್ಲಿನಲ್ಲಲ್ಲ.

ಈ ಕಾಗದಗಳ ಬೇರು ಹಿಂದಕ್ಕೆ ಹೋಗುತ್ತದೆ. 1933ರಲ್ಲಿ ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಹುಟ್ಟಿದ ಬಂಗಾರಪ್ಪ ದೀವರ ಸಮುದಾಯದವರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಒಡೆಯರ ಎದುರು ನಿಂತ ಗೇಣಿದಾರರಲ್ಲಿ ಹೆಚ್ಚಿನವರು ಅದೇ ಜನ. ಶಾಂತವೇರಿ ಗೋಪಾಲಗೌಡರು ಹದಮಾಡಿದ ಸಮಾಜವಾದಿ ನೆಲದಿಂದ ಬಂದು 1967ರಲ್ಲಿ ಸೊರಬದ ಶಾಸಕರಾದ ಬಂಗಾರಪ್ಪನವರನ್ನು ಆ ಕ್ಷೇತ್ರ 1994ರವರೆಗೆ ಏಳು ಬಾರಿ ಗೆಲ್ಲಿಸಿತು. ಮಲೆನಾಡಿನಲ್ಲಿ ಉಳುವವನ ಹತ್ತಿರ ಇಲ್ಲದಿದ್ದದ್ದು ದುಡಿಮೆಯಲ್ಲ, ದಾಖಲೆ. ಅಧಿಕಾರ ಕೈಗೆ ಬಂದಾಗ ಅವರು ಆ ದಾಖಲೆಯ ಕಡೆಗೇ ಕೈ ಹಾಕಿದರು. ಸರ್ಕಾರಿ ಜಮೀನು ಸಾಗುವಳಿ ಮಾಡಿಕೊಂಡವರು ಸಕ್ರಮಕ್ಕೆಂದು ನಮೂನೆ 50ರಲ್ಲಿ ಅರ್ಜಿ ಕೊಟ್ಟದ್ದು 1991ರಲ್ಲಿ. ಮನೆಯಿಲ್ಲದವರಿಗೆ ಆಶ್ರಯ, ಹಳ್ಳಿಯ ಕುಶಲಕರ್ಮಿಗಳಿಗೆ ವಿಶ್ವ, ಊರ ಗುಡಿಗಳಿಗೆ ಆರಾಧನಾ, ರೈತರ ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲದ ಕರೆಂಟು, ಹಳ್ಳಿಯಲ್ಲಿ ಓದಿದ ಮಕ್ಕಳಿಗೆ ನೌಕರಿಯಲ್ಲಿ ಕೃಪಾಂಕ, ಎಲ್ಲ ಆ ಸಣ್ಣ ಅವಧಿಯ ಹೆಸರುಗಳು.

ಅಭಿಮಾನಿಗಳು ಈ ಪಟ್ಟಿಯನ್ನು ಮಂತ್ರದಂತೆ ಹೇಳಿ ಮುಗಿಸುತ್ತಾರೆ. ವಿಮರ್ಶೆ ಅಲ್ಲಿಗೇ ನಿಲ್ಲಬಾರದು. ಉಚಿತ ವಿದ್ಯುತ್ತು ಸಿಕ್ಕಿದ್ದು ಬಾವಿ, ಪಂಪು, ಜಮೀನು ಮೂರೂ ಇದ್ದವರಿಗೆ. ಕೂಲಿಯವನ ಮನೆಗೆ ಅದರಿಂದ ನೇರವಾಗಿ ಏನೂ ಬರಲಿಲ್ಲ. ಅಂತರ್ಜಲದ ಮೇಲೂ ವಿದ್ಯುತ್ ಸಂಸ್ಥೆಯ ಮೇಲೂ ಹೊರೆ ಬಿತ್ತು. ಆಶ್ರಯದ ಕಥೆ ಬೇರೆ. ಶಿವಮೊಗ್ಗದ ಬೊಮ್ಮನಕಟ್ಟೆಯಲ್ಲಿ ಆ ಹೆಸರಿನ ಬಡಾವಣೆಯೇ ಇದೆ. ನಿವೇಶನ ಹಂಚುವ ಸಮಿತಿಗೆ ಇವತ್ತಿಗೂ ಜನ ಆಶ್ರಯ ಸಮಿತಿ ಎಂದೇ ಅನ್ನುತ್ತಾರೆ. ನಗರಕ್ಕೆ ಏನು ಮಾಡಿದರು ಎಂದು ಕೇಳುವವರ ಮನೆ ಕಟ್ಟಿದ ಗಾರೆಯವರು, ಅವರ ಮನೆಗೆಲಸಕ್ಕೆ ಬರುವವರು ಇರುವುದು ಇಂಥ ಬಡಾವಣೆಗಳಲ್ಲಿ. ಸಿಮೆಂಟಿನ ಕೋಲಿಗೆ ಅದು ಊರಿನ ಭಾಗವಾಗಿ ಕಾಣದಿರುವುದು ಬಂಗಾರಪ್ಪನವರ ದೋಷವಲ್ಲ, ಕೋಲಿನ ದೋಷ.

ಭದ್ರಾವತಿಯ ತಕರಾರಿನಲ್ಲಿ ಹುರುಳು ಹೆಚ್ಚು. ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ 1989ರಲ್ಲಿ ಸೇಲ್‌ನ ಅಂಗಸಂಸ್ಥೆಯಾಗಿ, 1998ರಲ್ಲಿ ಅದರೊಳಗೇ ವಿಲೀನವಾಯಿತು. ಆ ವಿಲೀನದ ಹಿಂದುಮುಂದಿನ ವರ್ಷಗಳಲ್ಲಿ, 1996ರಿಂದ 2009ರ ನಡುವೆ, ಒಂದೆರಡು ವರ್ಷ ಬಿಟ್ಟರೆ ಶಿವಮೊಗ್ಗದ ಸಂಸದರು ಬಂಗಾರಪ್ಪನವರೇ. ಸ್ವಂತ ಗಣಿಯಿಲ್ಲದೆ ಕಾರ್ಖಾನೆ ಸೊರಗಿದ್ದಕ್ಕೆ ಒಬ್ಬ ಸಂಸದನನ್ನು ಹೊಣೆ ಮಾಡುವುದು ಅನ್ಯಾಯ. ಪೇಪರ್ ಟೌನಿನ ಕಾಗದ ಕಾರ್ಖಾನೆ ಎಂಪಿಎಂ ನಿಂತದ್ದಂತೂ ಅವರು ತೀರಿಕೊಂಡ ಮೇಲೆ. ಆದರೆ ಹಳ್ಳಿಯವರ ಪಾಲಿಗೆ ಹೊಸ ಕಾಗದ ಹುಟ್ಟಿಸಿದ ಮನುಷ್ಯ ಕಾರ್ಮಿಕರ ಪಾಲಿಗೆ ಅಂಥದೊಂದು ಹಿಡಿತ ಕಟ್ಟಿಕೊಡಲಿಲ್ಲ ಎಂಬುದು ನಿಜ. ಅವರ ಸಮಾಜವಾದದಲ್ಲಿ ಗೇಣಿದಾರನಿಗೆ ಇದ್ದಷ್ಟು ಜಾಗ ಗುತ್ತಿಗೆ ಕಾರ್ಮಿಕನಿಗೆ ಇರಲಿಲ್ಲ.

ಕಾವೇರಿಯ ವಿಷಯಕ್ಕೆ ಬಂದರೆ ಭದ್ರಾವತಿಯ ನೆನಪು ಇನ್ನಷ್ಟು ಸಿಕ್ಕಾಗುತ್ತದೆ. 1991ರ ಜೂನ್‌ನಲ್ಲಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗ ಬಂಗಾರಪ್ಪ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು. ತುಂಗೆ, ಭದ್ರೆ, ವರದೆಯರ ಜಿಲ್ಲೆಯವನೊಬ್ಬ ತನ್ನದಲ್ಲದ ಕೊಳ್ಳದ ರೈತರಿಗಾಗಿ ಕೇಂದ್ರಕ್ಕೆ ಸೆಡ್ಡು ಹೊಡೆದದ್ದನ್ನು ಮಂಡ್ಯದ ಜನ ಇಂದಿಗೂ ಮರೆತಿಲ್ಲ. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದಿತು. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೂ ದಕ್ಷಿಣದ ಜಿಲ್ಲೆಗಳಲ್ಲೂ ತಮಿಳರ ಮೇಲೆ ಹಿಂಸೆ ನಡೆದು ಜೀವಗಳು ಹೋದವು. ಕಾರ್ಖಾನೆಯ ಕೆಲಸಕ್ಕೆಂದು ತಲೆಮಾರುಗಳ ಹಿಂದೆ ಬಂದ ತಮಿಳು ಮನೆಗಳಿರುವ ಭದ್ರಾವತಿಯಲ್ಲಿ ಅದೇ ಸುಗ್ರೀವಾಜ್ಞೆಯನ್ನು ಬರಿಯ ಗಂಡೆದೆ ಎಂದು ಹೊಗಳಿ ಮುಗಿಸುವುದು ಕಷ್ಟ. ರೈತರ ಪರ ನಿಂತದ್ದಕ್ಕೆ ಅಂಕ ಕೊಡೋಣ. ಬೀದಿಯ ಕಿಚ್ಚನ್ನು ಮೊದಲೇ ಕಂಡು ತಡೆಯಲಾಗದ ಆಡಳಿತಕ್ಕೆ ಕಳೆಯಲೂ ಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ವಿಮರ್ಶೆಯಲ್ಲ, ವಕಾಲತ್ತು.

ವಿರೋಧಿಗಳ ಕೈಯಲ್ಲಿ ಸದಾ ಇರುವ ಅಸ್ತ್ರ ಕ್ಲಾಸಿಕ್ ಕಂಪ್ಯೂಟರ್ ಪ್ರಕರಣದ ಭ್ರಷ್ಟಾಚಾರದ ಆರೋಪ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪಕ್ಷಾಂತರ, ಅದೂ ನೀತಿಯ ಪ್ರಶ್ನೆಯಾಗಿ ಅಲ್ಲ, ಪರಿಣಾಮದ ಪ್ರಶ್ನೆಯಾಗಿ. ಸಮಾಜವಾದಿ, ಕ್ರಾಂತಿರಂಗ, ಕಾಂಗ್ರೆಸ್, ಕರ್ನಾಟಕ ಕಾಂಗ್ರೆಸ್ ಪಕ್ಷ (ಕೆಸಿಪಿ), ಕರ್ನಾಟಕ ವಿಕಾಸ ಪಕ್ಷ (ಕೆವಿಪಿ), ಮತ್ತೆ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರ ಉಪಚುನಾವಣೆಯಲ್ಲಿ ಮುಲಾಯಂ ಸಿಂಗರ ಸಮಾಜವಾದಿ ಪಕ್ಷದ ಸೈಕಲ್ಲು, ಮತ್ತೆ ಕಾಂಗ್ರೆಸ್, ಕೊನೆಗೆ ಜೆಡಿಎಸ್. ಚಿಹ್ನೆ ಯಾವುದಾದರೂ ಜನ ಗೆಲ್ಲಿಸಿದರು ಎಂದು ಅಭಿಮಾನಿಗಳು ಹೆಮ್ಮೆಪಡುತ್ತಾರೆ. ಆ ಹೆಮ್ಮೆಯೊಳಗೇ ಸೋಲೂ ಇದೆ. ನಂಬಿಕೆ ಅವರ ಮೇಲೆ ಕೂಡಿತೇ ಹೊರತು ಯಾವ ಸಂಘಟನೆಯ ಮೇಲೂ ಕೂಡಲಿಲ್ಲ. ಕರ್ನಾಟಕದಲ್ಲಿ ಸೈಕಲ್ಲಿಗೆ ನೆಲೆಯೇ ಇಲ್ಲದಾಗ ಅದರ ಮೇಲೆ ಗೆಲ್ಲಬಲ್ಲವರಾಗಿದ್ದರು. ಆ ಗೆಲುವಿನಿಂದ ಒಂದು ತಾಲ್ಲೂಕು ಸಮಿತಿಯೂ ಹುಟ್ಟಿ ಉಳಿಯಲಿಲ್ಲ. 2004ರಲ್ಲಿ ಅವರು ಬಿಜೆಪಿಗೆ ಹೋದಾಗ ಅವರನ್ನು ನಂಬಿದ ಹಿಂದುಳಿದವರ ಮನೆಗಳಿಗೂ ಆ ಪಕ್ಷ ಹತ್ತಿರವಾಯಿತು. ಅವರು ಒಂದೇ ವರ್ಷದಲ್ಲಿ ಹೊರಗೆ ಬಂದರು, ತೆರೆದ ಬಾಗಿಲು ಮುಚ್ಚಲಿಲ್ಲ. 2009ರಲ್ಲಿ ಬಿಜೆಪಿಯ ಬಿ.ವೈ. ರಾಘವೇಂದ್ರರ ಎದುರು ಬಂಗಾರಪ್ಪನವರೇ ಸೋತರು. ಅಲ್ಲಿಂದಾಚೆ ಶಿವಮೊಗ್ಗ ಲೋಕಸಭಾ ಕ್ಷೇತ್ರ ಬಿಜೆಪಿಯ ಕೈ ಬಿಟ್ಟಿಲ್ಲ.

ತೀರಿಕೊಂಡ ಮೇಲೆ ಅವರ ಮೌಲ್ಯಮಾಪನ ಮತಪೆಟ್ಟಿಗೆಗೇ ಹೋಯಿತು. ಅವರ ಗಂಡುಮಕ್ಕಳಾದ ಕುಮಾರ್, ಮಧು ಇಬ್ಬರೂ ತಂದೆ ಬದುಕಿದ್ದಾಗಲೇ ಸೊರಬದಲ್ಲಿ ಎದುರುಬದುರಾದವರು. ಅಲ್ಲಿ 2013ರಲ್ಲಿ ಮಧು, 2018ರಲ್ಲಿ ಕುಮಾರ್, 2023ರಲ್ಲಿ ಮತ್ತೆ ಮಧು ಗೆದ್ದರು. ಮಗಳು ಗೀತಾ ಶಿವರಾಜಕುಮಾರ್ 2014ರಲ್ಲೂ 2024ರಲ್ಲೂ ಲೋಕಸಭೆಗೆ ನಿಂತು ಸೋತರು. ಸೊರಬದಲ್ಲಿ ಇವರಲ್ಲಿ ಒಬ್ಬರು ಗೆದ್ದರೆ ಬಂಗಾರಪ್ಪ ಬದುಕಿದ್ದಾರೆ ಎನ್ನುವುದು, ಶಿವಮೊಗ್ಗದಲ್ಲಿ ಸೋತರೆ ಬಂಗಾರಪ್ಪನವರ ಕಾಲ ಮುಗಿಯಿತು ಎನ್ನುವುದು ನಮ್ಮ ಪತ್ರಿಕೆಗಳಿಗೂ ರೂಢಿಯಾಗಿದೆ. ಮಕ್ಕಳ ಫಲಿತಾಂಶದಿಂದ ತಂದೆಯ ಕೆಲಸವನ್ನು ಅಳೆಯುವ ಈ ಸೋಮಾರಿತನ ನಾಯಕನಿಗೂ ಅನ್ಯಾಯ, ಮತದಾರನಿಗೂ ಅನ್ಯಾಯ.

ಹಾಗಾದರೆ ತೀರ್ಮಾನ ಏನು? ಭೂಮಿ, ಮನೆ, ನೌಕರಿ ಮೂರನ್ನೂ ಬಡವನು ಅರ್ಜಿ ಹಿಡಿದು ಹಕ್ಕಾಗಿ ಕೇಳಬಹುದಾದ ಸಂಗತಿ ಮಾಡಿದ್ದು ಬಂಗಾರಪ್ಪನವರ ನಿಜವಾದ ಸಾಧನೆ. ಆ ಅರ್ಜಿಯ ಹಿಂದೆ ನಿಲ್ಲುವ ಪಕ್ಷವನ್ನಾಗಲಿ ಸಂಘವನ್ನಾಗಲಿ ಕಟ್ಟದೆ ಹೋದದ್ದು ಅವರ ದೊಡ್ಡ ವೈಫಲ್ಯ. ಗ್ರಾಮೀಣ ಕೃಪಾಂಕ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಬಗರ್‌ಹುಕುಂನವರು ನಮೂನೆ 50 ಆದಮೇಲೆ 53, ಆಮೇಲೆ 57 ಎಂದು ತಾಲ್ಲೂಕು ಕಚೇರಿಗೆ ಅಲೆದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೆಲ ಕಳೆದುಕೊಂಡ ಶರಾವತಿ ಸಂತ್ರಸ್ತರು, ಈ ಜಿಲ್ಲೆ ಒಬ್ಬರ ಹಿಂದೊಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಮೇಲೂ ಹಕ್ಕುಪತ್ರಕ್ಕೆ ಕಾಯುತ್ತಲೇ ಇದ್ದಾರೆ.

ಪ್ರತಿ ಅಕ್ಟೋಬರ್ 26ರ ಜಯಂತಿಯಲ್ಲಿ ವೇದಿಕೆಯ ಮೇಲಿನವರು ಈ ಸಾಧನೆ, ವೈಫಲ್ಯಗಳ ಪಟ್ಟಿಯ ಮೊದಲರ್ಧವನ್ನಷ್ಟೇ ಓದುತ್ತಾರೆ. ಟೀಕಾಕಾರರು ಪಟ್ಟಿಯನ್ನೇ ತೆರೆಯುವುದಿಲ್ಲ. ಹಾರ ಹಾಕುವ ಕೈಯಲ್ಲೇ ಆ ವರ್ಷ ತಾಲ್ಲೂಕಿನಲ್ಲಿ ಎಷ್ಟು ಬಗರ್‌ಹುಕುಂ ಅರ್ಜಿ ಇತ್ಯರ್ಥವಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನೂ ಓದಿಸಬೇಕು. ಬಂಗಾರಪ್ಪನವರ ಹೆಸರು ಹೇಳಿ ಓಟು ಕೇಳುವ ಎಲ್ಲ ಪಕ್ಷದವರಿಗೂ ಆಗ ತಮ್ಮ ಪಾಲಿನ ಅಂಕ ಎಷ್ಟೆಂದು ಗೊತ್ತಾಗುತ್ತದೆ.