ಮಧುಮೇಹಿಗಳ ಮೂತ್ರಪಿಂಡವೂ ‘ಡಿ’ ಜೀವಸತ್ತ್ವವೂ: ಒಂದು ವಿಮರ್ಶೆ

ಮಧುಮೇಹಿಗಳ ರಕ್ತದಲ್ಲಿ ‘ಡಿ’ ಜೀವಸತ್ತ್ವದ ಮಟ್ಟ ಇಳಿದಿರುವಲ್ಲಿ ಮೂತ್ರಪಿಂಡಗಳ ಹಾನಿಯೂ ಹೆಚ್ಚಾಗಿ ಕಾಣುವುದೆಂದು ಅನೇಕ ದೇಶಗಳ ಸಮೀಕ್ಷೆಗಳು ತಿಳಿಸಿವೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟರಿಂದಲೇ ಜೀವಸತ್ತ್ವದ ಕೊರತೆ ಮೂತ್ರಪಿಂಡವನ್ನು ಕೆಡಿಸಿತೆಂದೂ, ಕೊರತೆಯನ್ನು ತುಂಬಿದರೆ ಮೂತ್ರಪಿಂಡ ಉಳಿಯುವುದೆಂದೂ ತೀರ್ಮಾನಿಸುವ ವಾಡಿಕೆ ಬೆಳೆದಿದೆ. ಈ ತೀರ್ಮಾನ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಊರಿಗಾಂ ಪ್ರದೇಶವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಊರಿಗಾಮನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದು ಶತಮಾನಕ್ಕೂ ಮೀರಿ ಜನ ನೆಲದಡಿಯಲ್ಲಿ ದುಡಿದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದಿತ್ತು. ಚರ್ಮಕ್ಕೆ ಬಿಸಿಲು ತಾಗಿ ಹುಟ್ಟುವ ಜೀವಸತ್ತ್ವ ಅಲ್ಲಿ ದೊರೆಯುವಂತಿರಲಿಲ್ಲ. ಆದಕಾರಣ ಗಣಿಯ ಕತ್ತಲೆ, ಜೀವಸತ್ತ್ವದ ಕೊರತೆ, ಮೂತ್ರಪಿಂಡದ ರೋಗ ಈ ಮೂರನ್ನೂ ಒಂದೇ ಸರಪಣಿಯಾಗಿ ಹೆಣೆಯುವ ಆಸೆ ಸಂಶೋಧಕನಿಗೆ ಹುಟ್ಟುವುದು ಸಹಜ. ಆದರೆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ರಕ್ತಪರೀಕ್ಷೆಯಲ್ಲಿ ಅಳೆಯುವ ‘ಡಿ’ ರೂಪವಾದರೋ ಸುಮಾರು 2–3 ವಾರಗಳಲ್ಲಿ ಅರ್ಧಕ್ಕೆ ಇಳಿಯುವಂಥದು. ಇಂದಿನ ಪರೀಕ್ಷೆ ಕಳೆದ ಕೆಲವು ತಿಂಗಳುಗಳ ಸ್ಥಿತಿಯನ್ನು ಹೇಳೀತೇ ಹೊರತು ಗಣಿಯ ಕಾಲದ ಕತ್ತಲೆಯನ್ನಲ್ಲ. ಬಿಸಿಲಿನ ಅಭಾವವನ್ನು ಈಗ ಹುಡುಕಬೇಕಾದರೆ, ನಸುಕಿನಲ್ಲಿಯೇ ರೈಲು ಹತ್ತಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಹಿಂದಿರುಗುವ ದುಡಿಮೆಗಾರರಲ್ಲಿ ಹುಡುಕಬೇಕು.

ಅವರಲ್ಲಿನ ಮಧುಮೇಹಿಗಳಿಗೆ ಕೊರತೆಯಿದೆಯೆಂದು ಕಂಡರೂ ವಾದ ಸಿದ್ಧಿಸದು. ನೆರೆಯ ಆಂಧ್ರದ ತಿರುಪತಿಯಿಂದ 2007ರಲ್ಲಿ ಪ್ರಕಟವಾದ ಅಧ್ಯಯನವು ಹಳ್ಳಿಗರನ್ನೂ ಒಳಗೊಂಡಂತೆ ಆರೋಗ್ಯವಂತರಲ್ಲಿಯೇ ಈ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿತು. ಆರೋಗ್ಯವಂತರಾದ ನೆರೆಹೊರೆಯವರೊಡನೆ ಹೋಲಿಸದೆ, ರೋಗಿಗಳನ್ನು ಮಾತ್ರ ಅಳೆದು ಪಡೆದ ಅಂಕಿಗೆ ಹೆಚ್ಚಿನ ಅರ್ಥವಿಲ್ಲ.

ಇದಕ್ಕಿಂತ ಗುರುತರವಾದ ಪ್ರಶ್ನೆ ಇನ್ನೊಂದಿದೆ. ಈ ಜೀವಸತ್ತ್ವ ರಕ್ತದಲ್ಲಿ ಒಂದು ಸಸಾರಜನಕದ ಆಶ್ರಯದಿಂದ ಸಂಚರಿಸುತ್ತದೆ. ಮಧುಮೇಹದಿಂದ ಮೂತ್ರಪಿಂಡದ ಜರಡಿ ಕೆಟ್ಟಾಗ ಆ ಸಸಾರಜನಕ ಮೂತ್ರದಲ್ಲಿ ಸೋರಿಹೋಗಿ, ಜೀವಸತ್ತ್ವವನ್ನೂ ತನ್ನೊಡನೆ ಕೊಂಡೊಯ್ಯುತ್ತದೆ. ಬಳಲಿದ ರೋಗಿ ಮನೆಯಿಂದ ಹೊರಗೆ ಬರುವುದೂ ಕಡಿಮೆ. ಹೀಗಿರುವಲ್ಲಿ ಕೊರತೆಯು ರೋಗದ ಕಾರಣವಾಗಿರದೆ ರೋಗದ ಫಲವೇ ಆಗಿರಬಹುದು. ಎರಡರ ಸಹವಾಸ ಕಾಕತಾಳೀಯವಲ್ಲ, ನಿಜ. ಆದರೆ ಯಾವುದು ಮುಂದು, ಯಾವುದು ಹಿಂದು ಎಂಬುದನ್ನು ಸಹವಾಸವೊಂದೇ ತಿಳಿಸಲಾರದು.

ಈ ಸಂದೇಹವನ್ನು ಬಿಡಿಸಬಲ್ಲುದು ಪ್ರಯೋಗ. ಅಮೆರಿಕದಲ್ಲಿ ಎರಡನೆಯ ಬಗೆಯ ಮಧುಮೇಹವುಳ್ಳ 1312 ಮಂದಿಯನ್ನು ಚೀಟಿ ಎತ್ತುವ ರೀತಿಯಲ್ಲಿ ವಿಂಗಡಿಸಿ, ಕೆಲವರಿಗೆ ದಿನಕ್ಕೆ 2000 ಅಂತರರಾಷ್ಟ್ರೀಯ ಮಾನದಷ್ಟು ಜೀವಸತ್ತ್ವವನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ 5 ವರ್ಷ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂತ್ರಪಿಂಡದ ಸೋಸುವ ಶಕ್ತಿ ಎರಡು ಪಂಗಡಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕುಗ್ಗಿತ್ತು. ಅವರಲ್ಲಿ ಬಹುಮಂದಿಗೆ ಮೊದಲೇ ತೀವ್ರ ಕೊರತೆಯಿರಲಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆಕ್ಷೇಪವೇ ಪ್ರಮಾಣವಾಗದು. ಗುಣವುಂಟೆಂದು ಪ್ರತಿಪಾದಿಸುವವರೇ ಅದನ್ನು ಸಿದ್ಧಪಡಿಸಬೇಕು.

ಇದು ಬರಿಯ ತರ್ಕದ ವ್ಯಾಜ್ಯವಲ್ಲ. ದಿನಗೂಲಿಯ ಮಧುಮೇಹಿಯೊಬ್ಬನು ಕೈಲಿರುವ ಹಣವನ್ನು ಜೀವಸತ್ತ್ವದ ಪರೀಕ್ಷೆಗೆ ಸುರಿದು, ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳನ್ನು ಕೈಬಿಟ್ಟರೆ ನಷ್ಟ ಅವನದೇ. ಸಕ್ಕರೆಯನ್ನೂ ರಕ್ತದ ಒತ್ತಡವನ್ನೂ ಹತೋಟಿಯಲ್ಲಿಡುವುದರಿಂದ ಮೂತ್ರಪಿಂಡಕ್ಕೆ ರಕ್ಷಣೆಯುಂಟೆಂಬುದು ಪ್ರಯೋಗಗಳಿಂದ ಸಿದ್ಧವಾದ ಮಾತು. ಕೊರತೆಯಿದ್ದವರು ಮೂಳೆಗಳ ಹಿತಕ್ಕಾಗಿ ವೈದ್ಯರ ಸೂಚನೆಯಂತೆ ಜೀವಸತ್ತ್ವವನ್ನು ಸೇವಿಸುವುದು ಯುಕ್ತವೇ. ಮಿತಿಮೀರಿ ಸೇವಿಸಿದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೇ ಹಾನಿಯಾದೀತು.

ಈ ವಿಷಯವನ್ನು ಪ್ರಬಂಧಕ್ಕೆ ಆರಿಸಿಕೊಳ್ಳುವ ವಿದ್ಯಾರ್ಥಿಗಳಲ್ಲಿ ನಮ್ಮ ಸೂಚನೆ ಇಷ್ಟೆ: ರೋಗಿಗಳೊಡನೆ ಆರೋಗ್ಯವಂತರನ್ನೂ ಅಳೆಯಿರಿ, ಬಿಸಿಲಿನಲ್ಲಿ ಕಳೆದ ಹೊತ್ತನ್ನು ಕೇಳಿ ಬರೆದುಕೊಳ್ಳಿರಿ, ಅದೇ ಜನರನ್ನು ಕೆಲವು ವರ್ಷ ಬಿಡದೆ ಗಮನಿಸಿರಿ. ಕೊರತೆ ಮೊದಲೋ ರೋಗ ಮೊದಲೋ ಎಂಬುದಕ್ಕೆ ಉತ್ತರ ಕೊಡದ ಸಮೀಕ್ಷೆ, ಎಷ್ಟೇ ಕೋಷ್ಟಕಗಳಿಂದ ತುಂಬಿದ್ದರೂ, ಊರಿಗಾಮಿನ ರೋಗಿಗೆ ಉಪಕಾರಿಯಾಗಲಾರದು.