ಹಳೆ ದಿಲ್ಲಿಯ ಗಲ್ಲಿಗಳು: ನೆನಪು ಯಾರದು?

ಉರ್ದು ಶಾಲೆಯಲ್ಲಿ ಓದಿದವರಿಗೆ ದಿಲ್ಲಿಯನ್ನು ನೋಡುವ ಮೊದಲೇ ದಿಲ್ಲಿ ಗೊತ್ತಿರುತ್ತದೆ. ನಮ್ಮ ವಿಷಯದಲ್ಲೂ ಹಾಗೇ ಆಯಿತು. ಬಲ್ಲೀಮಾರಾನ್, ಗಲಿ ಕಾಸಿಮ್ ಜಾನ್, ಚಿತ್ಲಿ ಕಬರ್, ಮಟಿಯಾ ಮಹಲ್, ಖಾರಿ ಬಾವಲಿ ಎಂಬ ಹೆಸರುಗಳು ಪಾಠದ ಪುಸ್ತಕದಿಂದಲೂ ಗಾಲಿಬನ ಪತ್ರಗಳಿಂದಲೂ ಬಂದು ತಲೆಯಲ್ಲಿ ಕೂತಿದ್ದವು. ಮೊದಲ ಸಲ ಜಾಮಾ ಮಸೀದಿಯ ಮೆಟ್ಟಿಲಿಳಿದು ಮಟಿಯಾ ಮಹಲ್ ಕಡೆಗೆ ನಡೆದಾಗ ನಾವು ನೋಡುತ್ತಿದ್ದದ್ದು ಎದುರಿನ ಬೀದಿಯನ್ನಲ್ಲ, ಓದಿದ ಬೀದಿಯನ್ನು. ಸೈಕಲ್ ರಿಕ್ಷಾವೊಂದರ ಚಕ್ರ ಕಾಲಿಗೆ ತಾಗಿ, ರಿಕ್ಷಾದವನು ಬೈದಾಗ ಎಚ್ಚರವಾಯಿತು. ಅವನ ಮಾತು ಗಾಲಿಬನ ಉರ್ದುವಲ್ಲ, ಬಿಹಾರದ ಕಡೆಯದು. ನಾವು ಓದಿದ ಯಾವ ಪುಸ್ತಕದಲ್ಲೂ ಅವನು ಇರಲಿಲ್ಲ.

ಆ ಪುಸ್ತಕಗಳ ಮೇಲೆ ನಮಗೆ ಪ್ರೀತಿಯಿದೆ, ಒಂದು ದೂರೂ ಇದೆ. ಎರಡನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ.

ಶಹಜಹಾನಾಬಾದಿಗೆ ಅಡಿಪಾಯ ಬಿದ್ದದ್ದು 1639ರಲ್ಲಿ. ಅಲ್ಲಿನ ಬೀದಿಯ ಬದುಕನ್ನು ಬರೆದಿಟ್ಟವರಲ್ಲಿ ಮೊದಲಿಗರಾಗಿ ನೆನಪಾಗುವವರು ದಖ್ಖನಿನವರು ಎಂಬುದು ಕುತೂಹಲದ ಸಂಗತಿ. ನಿಜಾಮ ಆಸಫ್ ಜಾಹ್ ಜೊತೆ ದಿಲ್ಲಿಗೆ ಹೋದ ದರ್ಗಾಹ್ ಕುಲಿ ಖಾನ್ ಅಲ್ಲಿ ಕಂಡದ್ದನ್ನು ಪಾರ್ಸಿಯಲ್ಲಿ ಬರೆದರು. ಅದೇ ‘ಮುರಕ್ಕಾ-ಎ-ದಿಲ್ಲಿ’. ನಾದಿರ್ ಷಾನ 1739ರ ಕಗ್ಗೊಲೆಯ ಸುತ್ತಮುತ್ತಲ ಕಾಲ ಅದು. ಆದರೂ ಆ ಪುಸ್ತಕದ ತುಂಬ ಇರುವುದು ಉರುಸ್‌ಗಳು, ಹಾಡುವವರು, ಕುಣಿಯುವವರು, ಚಾಂದನಿ ಚೌಕದ ಅಂಗಡಿಗಳು. ಹೊರಗಿನಿಂದ ಬಂದವನ ಕಣ್ಣು ಬೀದಿಯನ್ನು ಹಾಗೆ ನೋಡುತ್ತದೆ. ಅವನಿಗೆ ಅದು ಕಳೆದುಹೋದದ್ದಲ್ಲ, ಎದುರಿಗೆ ನಡೆಯುತ್ತಿರುವುದು.

ಇದರ ನಂತರದ ದೊಡ್ಡ ಪುಸ್ತಕ ಸರ್ ಸೈಯದ್ ಅಹ್ಮದ್ ಖಾನರ ‘ಆಸಾರುಸ್ಸನಾದೀದ್’. 1847ರಲ್ಲಿ ಬಂತು. ದಿಲ್ಲಿಯ ಕಟ್ಟಡಗಳ ಕುರಿತ ಪುಸ್ತಕವೆಂದು ಎಲ್ಲರೂ ಬಲ್ಲರು. ಆದರೆ ಮೊದಲ ಆವೃತ್ತಿಯ ನಾಲ್ಕನೆಯ ಅಧ್ಯಾಯ ಕಟ್ಟಡಗಳದ್ದಲ್ಲ, ಮನುಷ್ಯರದ್ದು: ಸೂಫಿಗಳು, ಆಲಿಮರು, ಹಕೀಮರು, ಕವಿಗಳು, ಸಂಗೀತಗಾರರು. 1854ರಲ್ಲಿ ಎರಡನೆಯ ಆವೃತ್ತಿ ಬಂದಾಗ ಆ ಅಧ್ಯಾಯ ಮಾಯವಾಗಿತ್ತು. ಹೊಸ ಆವೃತ್ತಿ ಹೆಚ್ಚು ಶಿಸ್ತಿನದು, ಹೆಚ್ಚು ಶಾಸ್ತ್ರೀಯವಾದದ್ದು, ನಿಜ. ಕಲ್ಲುಗಳು ಉಳಿದವು, ಜನರು ಹೋದರು. ಮೂರೇ ವರ್ಷದಲ್ಲಿ 1857 ಬಂತು. ಮೊದಲ ಆವೃತ್ತಿಗೆ ನೆರವಾಗಿದ್ದ ವಿದ್ವಾಂಸ ಇಮಾಮ್ ಬಖ್ಷ್ ಸಹಬಾಯಿಯವರನ್ನು ಅವರ ಕೂಚಾ ಚೇಲಾನ್‌ನ ನೆರೆಹೊರೆಯವರೊಂದಿಗೆ ಇಂಗ್ಲಿಷರು ಗುಂಡಿಟ್ಟು ಕೊಂದರು. ಈ ಎರಡು ಸಂಗತಿಗಳ ನಡುವೆ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಆ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡಾಗಲೆಲ್ಲ ನಮಗೆ ಮೈ ಜುಮ್ಮೆನ್ನುತ್ತದೆ.

1857ರ ನಂತರ ಬರೆದದ್ದೆಲ್ಲ ಶೋಕವೇ. ಕೋಟೆಗೂ ಜಾಮಾ ಮಸೀದಿಗೂ ನಡುವಿನ ಬಜಾರುಗಳನ್ನು ಕೆಡವಿದರು. ಊರಿನಿಂದ ಅಟ್ಟಿದ ಜನರಲ್ಲಿ ಮುಸ್ಲಿಮರಿಗೆ ಹಿಂದಿರುಗುವ ಅನುಮತಿ ಎಲ್ಲರಿಗಿಂತ ತಡವಾಗಿ ದೊರೆಯಿತು. ಮಸೀದಿಯೇ 1862ರವರೆಗೆ ಸರ್ಕಾರದ ಕೈಯಲ್ಲಿತ್ತು. ಇಲ್ಲವಾದ ಬಜಾರುಗಳ ಹೆಸರನ್ನು ಗಾಲಿಬ್ ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ ಎಣಿಸುತ್ತಾನೆ. ಆ ಎಣಿಕೆಯೇ ಮುಂದೆ ಒಂದು ಸಾಹಿತ್ಯ ಪ್ರಕಾರವಾಯಿತು. ‘ದಿಲ್ಲಿಯ ಕೊನೆಯ’ ಎಂದು ಶುರುವಾಗುವ ಪುಸ್ತಕಗಳು ಉರ್ದುವಿನಲ್ಲಿ ಎಷ್ಟಿವೆಯೋ! ಕೊನೆಯ ದೀಪ, ಕೊನೆಯ ದರ್ಬಾರು, ಕೊನೆಯ ಕಥೆಗಾರ. ಮುಷಾಯರಾದ ಕೊನೆಯ ದೀಪದ ಬಗ್ಗೆ ಬರೆದ ಮಿರ್ಜಾ ಫರ್ಹತುಲ್ಲಾ ಬೇಗರು ನೌಕರಿ ಮಾಡಿದ್ದು ನಿಜಾಮರ ಹೈದರಾಬಾದಿನಲ್ಲಿ. ಅಶ್ರಫ್ ಸಬೂಹಿ ಮತ್ತು ಶಾಹಿದ್ ಅಹ್ಮದ್ ದೆಹಲವಿ 1947ರ ನಂತರ ಪಾಕಿಸ್ತಾನಕ್ಕೆ ಹೋದರು. ದಿಲ್ಲಿಯ ನೆನಪು ಬಹುಮಟ್ಟಿಗೆ ದಿಲ್ಲಿಯ ಹೊರಗೆ ಬರೆದದ್ದು, ಅಥವಾ ಎಲ್ಲ ಮುಗಿದುಹೋಯಿತೆಂದು ಮೊದಲೇ ತೀರ್ಮಾನಿಸಿಕೊಂಡು ಬರೆದದ್ದು.

ಇವರಲ್ಲಿ ನಮಗೆ ತೀರ ಹತ್ತಿರದವರು ಅಶ್ರಫ್ ಸಬೂಹಿ. ಅವರ ‘ದಿಲ್ಲಿ ಕಿ ಚಂದ್ ಅಜೀಬ್ ಹಸ್ತಿಯಾಂ’ 1943ರಲ್ಲಿ ಅಂಜುಮನ್ ತರಕ್ಕಿ ಉರ್ದುವಿನಿಂದ ಪ್ರಕಟವಾಯಿತು. ಕೈಬೆರಳಲ್ಲಿ ಎಣಿಸಬಹುದಾದಷ್ಟು ವ್ಯಕ್ತಿಚಿತ್ರಗಳು. ನವಾಬರದ್ದಲ್ಲ, ಉಲಮಾಗಳದ್ದೂ ಅಲ್ಲ. ಮಿಟ್ಠು ಭಟಿಯಾರಾ ಒಬ್ಬ ಅಡುಗೆಯಂಗಡಿಯವನು. ಘುಮ್ಮಿ ಕಬಾಬಿ ಹೆಸರೇ ಹೇಳುವಂತೆ ಕಬಾಬು ಸುಡುವವನು. ಸರ್ ಸೈಯದರ ನಾಲ್ಕನೆಯ ಅಧ್ಯಾಯದಲ್ಲಿ ಇಂಥವರಿಗೆ ಜಾಗವಿರಲಿಲ್ಲ, ಸಬೂಹಿ ಕೊಟ್ಟರು. ಅವರ ಕಿವಿ ಎಷ್ಟು ಸೂಕ್ಷ್ಮವೆಂದರೆ ಒಬ್ಬೊಬ್ಬರ ಮಾತಿನ ವರಸೆಯೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಕಥೆ ಬರೆಯುವವರು ಅವರಿಂದ ಕಲಿಯುವುದು ಬಹಳವಿದೆ. ನಾವಂತೂ ಕಲಿತಿದ್ದೇವೆ, ಕದ್ದದ್ದೂ ಇರಬಹುದು.

ಆ ಪುಸ್ತಕದಲ್ಲಿ ದಾಸ್ತಾನ್‌ಗೋ ಮೀರ್ ಬಾಕರ್ ಅಲಿಯವರ ಚಿತ್ರವೂ ಇದೆ. ರಾತ್ರಿಗಟ್ಟಲೆ ಕಥೆ ಹೇಳಿ ಜನರನ್ನು ಕೂರಿಸುತ್ತಿದ್ದವರು ಕೊನೆಕೊನೆಗೆ ಅಡಿಕೆ ಮಾರಿ ಬದುಕಿದರು, 1928ರಲ್ಲಿ ತೀರಿಕೊಂಡರು. ಅಡಿಕೆ ಬೆಳೆಯುವ ನಾಡಿನ ಓದುಗರಿಗೆ ಈ ಮಾತು ಬೇರೆಯದೇ ಬಗೆಯಲ್ಲಿ ತಟ್ಟಬಹುದು. ಗ್ರಿಯರ್ಸನ್ನರ ಭಾಷಾ ಸರ್ವೇಕ್ಷಣೆಗಾಗಿ ತುಂಬಿಸಿದ ಗ್ರಾಮಾಫೋನ್ ತಟ್ಟೆಗಳಲ್ಲಿ ಅವರ ದನಿಯ ಸಣ್ಣ ತುಣುಕೊಂದು ಉಳಿದಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ದೂರು. ‘ಅಜೀಬ್’ ಎಂಬ ಆ ಒಂದು ಶಬ್ದದ ಮೇಲೆ ನಮ್ಮ ತಕರಾರು. ಕಬಾಬು ಸುಡುವವನು, ಅನ್ನ ಬೇಯಿಸುವವನು ವಿಚಿತ್ರ ವ್ಯಕ್ತಿ ಯಾಕಾಗಬೇಕು? ವಿಚಿತ್ರ ಎಂದಾಕ್ಷಣ ಓದುಗ ಅವನನ್ನು ನೋಡಿ ನಗುತ್ತಾನೆ, ಮರುಗುತ್ತಾನೆ, ಮುಂದೆ ಹೋಗುತ್ತಾನೆ. ಅವನ ಅಂಗಡಿಯ ಬಾಡಿಗೆ ಎಷ್ಟು, ಸಾಲ ಯಾರಲ್ಲಿ, ಹೆಂಡತಿ ಮನೆಯಲ್ಲಿ ಏನು ಮಾಡುತ್ತಾಳೆ, ಮಗ ಅದೇ ಕಸುಬು ಹಿಡಿದನೇ ಎಂದು ಕೇಳುವುದಿಲ್ಲ. ಹಳೆ ದಿಲ್ಲಿಯ ಕುರಿತ ಬರಹಗಳಲ್ಲಿ ಸೌತೆಕಾಯಿ ಮಾರುವವರ ಕೂಗು ಮತ್ತೆ ಮತ್ತೆ ಬರುತ್ತದೆ. ಎಳೆ ಸೌತೆಯನ್ನು ಲೈಲಾಳ ಬೆರಳಿಗೂ ಮಜ್ನೂನನ ಪಕ್ಕೆಲುಬಿಗೂ ಹೋಲಿಸಿ ಕೂಗುತ್ತಿದ್ದರಂತೆ. ಕೂಗು ಸೊಗಸಾಗಿದೆ. ಕೂಗಿದವನು ಸಂಜೆ ಎಲ್ಲಿ ಮಲಗಿದ ಎಂದು ಯಾರೂ ಬರೆದಿಲ್ಲ.

ಅಹ್ಮದ್ ಅಲಿಯವರ ‘ಟ್ವೈಲೈಟ್ ಇನ್ ಡೆಲ್ಲಿ’ ಇನ್ನೂ ಹೆಚ್ಚು ಹೆಸರು ಮಾಡಿದ ಕೃತಿ. 1940ರಲ್ಲಿ ಲಂಡನ್ನಿನ ಹೋಗಾರ್ತ್ ಪ್ರೆಸ್ ಹೊರತಂದದ್ದು. 1857ರ ಬಗೆಗಿನ ಭಾಗಗಳನ್ನು ನೋಡಿ ಅಲ್ಲಿನ ಮುದ್ರಕರು ಹಿಂಜರಿದಿದ್ದರು ಎಂಬ ಕಥೆ ಪ್ರಸಿದ್ಧ. ಮುಂದೆ ಅವರ ಪತ್ನಿ ಬಿಲ್ಕೀಸ್ ಜಹಾನರೇ ಅದನ್ನು ಉರ್ದುವಿಗೆ ತಂದರು. ಪಾರಿವಾಳ ಸಾಕುವ ಮೀರ್ ನಿಹಾಲ್ 1911ರ ದರ್ಬಾರಿನ ಮೆರವಣಿಗೆಯನ್ನು ಜಾಮಾ ಮಸೀದಿಯ ಬಳಿ ನಿಂತು ನೋಡುವ ಭಾಗವನ್ನು ಎಷ್ಟು ಸಲ ಓದಿದರೂ ಸಾಲದು. ಆದರೆ ಅದೇ ಮೀರ್ ನಿಹಾಲ್ ಮಗನ ಮದುವೆಯ ಮಾತು ಬಂದಾಗ ಹುಡುಗಿಯ ಕುಲದ ಲೆಕ್ಕ ಹಾಕುತ್ತಾನೆ. ರಾಜ್ಯ ಹೋದರೂ ಆ ಲೆಕ್ಕ ಹೋಗಲಿಲ್ಲ. ಅಹ್ಮದ್ ಅಲಿ ಇದನ್ನು ಮುಚ್ಚಿಡುವುದಿಲ್ಲ, ಅದು ಅವರ ದೊಡ್ಡತನ. ಕಾದಂಬರಿಯಲ್ಲಿ ಹಾಲು ಮಾರುವ ಮಿರ್ಜಾ ಎಂಬವನಿದ್ದಾನೆ. ಅವನ ಮಗ ಪೊಲೀಸರ ಗುಂಡಿಗೆ ಬಲಿಯಾಗುತ್ತಾನೆ. ನಮ್ಮ ಮಟ್ಟಿಗೆ ಇಡೀ ಕಾದಂಬರಿಯ ಅತ್ಯಂತ ದೊಡ್ಡ ಸಾವು ಅದು. ಲೇಖಕರು ಅಲ್ಲಿ ನಿಲ್ಲದೆ ಬೇಗ ಮೀರ್ ನಿಹಾಲನ ಮನೆಗೆ ಮರಳುತ್ತಾರೆ. ಆ ಹಾಲಿನಂಗಡಿಯಲ್ಲಿ ಇನ್ನಷ್ಟು ಹೊತ್ತು ಕೂತಿದ್ದರೆ ಎಂದು ನಮಗೆ ಅನಿಸುತ್ತಲೇ ಇರುತ್ತದೆ.

ಹೆಂಗಸರ ಮಾತನ್ನು ನಿಘಂಟುಕಾರರು ಕೂಡಿಟ್ಟರು. ‘ಫರ್ಹಂಗ್-ಎ-ಆಸಫಿಯಾ’ದ ಸೈಯದ್ ಅಹ್ಮದ್ ದೆಹಲವಿ ‘ಲುಗಾತುನ್ನಿಸಾ’ ಎಂದು ಹೆಂಗಸರ ಮಾತಿಗೇ ಒಂದು ನಿಘಂಟು ಮಾಡಿದರು. ಮಾತು ಬಂತು, ಮಾತಾಡಿದವರು ಪರದೆಯ ಒಳಗೇ ಉಳಿದರು. 1947ರ ದಿಲ್ಲಿಯ ಕುರಿತು ನಾವು ಓದಿದ ಅತ್ಯಂತ ಪ್ರಾಮಾಣಿಕ ಉರ್ದು ಪುಸ್ತಕವನ್ನು ಬರೆದವರು ಮಾತ್ರ ಒಬ್ಬ ಹೆಂಗಸು ಎಂಬುದನ್ನು ಮರೆಯುವಂತಿಲ್ಲ. ಬೇಗಂ ಅನೀಸ್ ಕಿದ್ವಾಯಿ ಅವರ ‘ಆಜಾದಿ ಕಿ ಛಾಂವ್ ಮೇಂ’. ಗಂಡ ಮಸೂರಿಯಲ್ಲಿ ಕೊಲೆಯಾದ ಮೇಲೆ ಅವರು ದಿಲ್ಲಿಗೆ ಬಂದು ಪುರಾನಾ ಕಿಲಾ ಮತ್ತು ಹುಮಾಯೂನ್ ಸಮಾಧಿಯ ನಿರಾಶ್ರಿತ ಶಿಬಿರಗಳಲ್ಲಿ ಕೆಲಸ ಮಾಡಿದರು. 1941ರಲ್ಲಿ ದಿಲ್ಲಿಯ ಮೂವರಲ್ಲಿ ಒಬ್ಬರು ಮುಸ್ಲಿಮರಾಗಿದ್ದರು. 1951ರ ಜನಗಣತಿಯ ಹೊತ್ತಿಗೆ ಅದು ನೂರಕ್ಕೆ ಆರರ ಆಸುಪಾಸಿಗೆ ಇಳಿದಿತ್ತು. ಹೋದವರು ಕರಾಚಿಯಲ್ಲಿ ಕೂತು ದಿಲ್ಲಿಯನ್ನು ಬರೆದರು. ಉಳಿದವರ ಕಥೆ ಬೇಗಂ ಅನೀಸರಂಥ ಕೆಲವರ ಪಾಲಿಗೆ ಬಿತ್ತು. ಅವರ ಪುಸ್ತಕದಲ್ಲಿ ಯಾವ ಗಲ್ಲಿಯೂ ಸುಂದರವಾಗಿಲ್ಲ.

ಉಳಿದವರು ಯಾರು? ಬಹುಪಾಲು ಕುಶಲಕರ್ಮಿಗಳು. ಜರಿ ಕೆಲಸದವರು, ತಾಮ್ರ ಬಡಿಯುವವರು, ಪುಸ್ತಕಕ್ಕೆ ರಟ್ಟು ಹಾಕುವವರು. ಇವರ ಮಾತಿಗೆ ‘ಕರ್ಖಂದಾರಿ’ ಎಂದು ಹೆಸರು, ಅಂದರೆ ಕಾರಖಾನೆಯವರ ಮಾತು. ಗೋಪಿಚಂದ್ ನಾರಂಗ್ 1961ರಲ್ಲಿ ಇದರ ಬಗ್ಗೆ ಇಂಗ್ಲಿಷಿನಲ್ಲಿ ಪುಟ್ಟ ಪುಸ್ತಕವೊಂದನ್ನು ಬರೆದರು. ಉರ್ದು ಸಾಹಿತ್ಯದಲ್ಲಿ ಮಾತ್ರ ಈ ಮಾತು ನಗಿಸುವುದಕ್ಕಷ್ಟೇ ಬಳಕೆಯಾಯಿತು. ದಖನಿ ಮಾತಾಡುವ ಮನೆಗಳಿಂದ ಬಂದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಶಾಲೆಯಲ್ಲಿ ಉರ್ದು ಮೇಷ್ಟ್ರು ನಮ್ಮ ‘ನಕ್ಕೋ’, ‘ಹೌ’ಗಳನ್ನು ತಿದ್ದಿದ್ದೇ ತಿದ್ದಿದ್ದು. ಅವರ ಕಿವಿಯಲ್ಲಿ ಒಂದು ದಿಲ್ಲಿ ಇತ್ತು. ಆ ದಿಲ್ಲಿಯ ಅರ್ಧ ಜನ ಕೂಡ ಮೇಷ್ಟ್ರ ಉರ್ದು ಮಾತಾಡುತ್ತಿರಲಿಲ್ಲ ಎಂದು ನಮಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಈಗ 1976ಕ್ಕೆ ಬರೋಣ. ತುರ್ತು ಪರಿಸ್ಥಿತಿಯ ಕಾಲ. ಏಪ್ರಿಲ್ 13ರಂದು ತುರ್ಕ್‌ಮಾನ್ ಗೇಟಿಗೆ ಬುಲ್ಡೋಜರುಗಳು ಬಂದವು. ಅದೇ ದಿನಗಳಲ್ಲಿ ಪಕ್ಕದ ದುಜಾನಾ ಹೌಸ್‌ನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರ. 19ರಂದು ಎದುರು ನಿಂತ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮನೆ ಕಳೆದುಕೊಂಡವರನ್ನು ಯಮುನೆಯಾಚೆಯ ತ್ರಿಲೋಕಪುರಿ, ನಂದನಗರಿಗಳಿಗೆ ಸಾಗಿಸಿದರು. ಪತ್ರಿಕೆಗಳ ಬಾಯಿ ಕಟ್ಟಿತ್ತು. ಮರುವರ್ಷ ಜಾನ್ ದಯಾಳ್ ಮತ್ತು ಅಜೋಯ್ ಬೋಸ್ ಎಂಬ ಪತ್ರಕರ್ತರು ಇಂಗ್ಲಿಷಿನಲ್ಲಿ ಬರೆದರು. ರಶ್ದಿಯ ‘ಮಿಡ್‌ನೈಟ್ಸ್ ಚಿಲ್ಡ್ರನ್’ನಲ್ಲಿ ಜಾಮಾ ಮಸೀದಿಯ ಬಳಿಯ ಕೊಳೆಗೇರಿಯ ನೆಲಸಮ ಬರುತ್ತದೆ. 2003ರಲ್ಲಿ ಎಮ್ಮಾ ಟಾರ್ಲೊ ಎಂಬ ಮಾನವಶಾಸ್ತ್ರಜ್ಞೆ ಸಂತ್ರಸ್ತರ ಮಾತನ್ನೂ ಸರ್ಕಾರಿ ಕಡತಗಳನ್ನೂ ಜೋಡಿಸಿ ಒಂದು ಪುಸ್ತಕ ಮಾಡಿದರು. 1857ರ ಬಗ್ಗೆ ಕಪಾಟು ತುಂಬುವಷ್ಟು ಬರೆದ ಉರ್ದುವಿನಲ್ಲಿ ತುರ್ಕ್‌ಮಾನ್ ಗೇಟಿನ ಬಗ್ಗೆ ಹಾಗೆ ಮನಸ್ಸಿನಲ್ಲಿ ನಿಲ್ಲುವ ಕೃತಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಯಾಕೆ ಹೀಗಾಯಿತು? ನಮ್ಮ ಊಹೆ ಇದು. ದಿಲ್ಲಿ ಸತ್ತುಹೋಯಿತೆಂದು ನೂರು ವರ್ಷ ಬರೆದವರಿಗೆ ಅಲ್ಲಿ ಇನ್ನೂ ಜನ ಬದುಕಿದ್ದಾರೆಂಬುದು ಕಾಣಲಿಲ್ಲ. ಶಾಹಿದ್ ಅಹ್ಮದರ ಒಂದು ಪುಸ್ತಕದ ಹೆಸರೇ ‘ಉಜ್ಡಾ ದಯಾರ್’, ಹಾಳಾದ ನಾಡು ಎಂದು. ಇತ್ತ ಸರ್ಕಾರ 1956ರ ಕೊಳೆಗೇರಿ ಕಾಯ್ದೆಯಡಿ ಗೋಡೆಯೊಳಗಿನ ಹಳೆ ಊರನ್ನು ಕೊಳೆಗೇರಿ ಪ್ರದೇಶವೆಂದು ಘೋಷಿಸಿತ್ತು. ಒಂದು ಕಡೆ ಕವಿ ಹಾಳೂರು ಎಂದ, ಇನ್ನೊಂದು ಕಡೆ ಅಧಿಕಾರಿ ಕೊಳೆಗೇರಿ ಎಂದ. ಒಬ್ಬನ ಕಣ್ಣಲ್ಲಿ ನೀರು, ಇನ್ನೊಬ್ಬನ ಕೈಯಲ್ಲಿ ಕಡತ. ಅಲ್ಲಿ ಮನೆ ಮಾಡಿಕೊಂಡಿದ್ದವನಿಗೆ ಎರಡರ ಅರ್ಥವೂ ಒಂದೇ: ನೀನು ಇಲ್ಲಿ ಲೆಕ್ಕಕ್ಕಿಲ್ಲ. ಸಾಹಿತ್ಯ ಬುಲ್ಡೋಜರ್ ತಂದಿತೆಂದು ನಾವು ಹೇಳುತ್ತಿಲ್ಲ, ಅಷ್ಟು ಶಕ್ತಿ ಸಾಹಿತ್ಯಕ್ಕಿಲ್ಲ. ಬುಲ್ಡೋಜರ್ ಬಂದ ದಿನ ಆ ಜನರ ಹೆಸರು ಹಿಡಿದು ಕರೆಯುವ ಪುಸ್ತಕವೊಂದು ಇರಲಿಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ಈಗಿನ ಹಳೆ ದಿಲ್ಲಿಯ ಮೋಹ ಬೇರೆ ಬಗೆಯದು. ಭಾನುವಾರಗಳಂದು ಗುಂಪು ಕಟ್ಟಿಕೊಂಡು ಹವೇಲಿ ತೋರಿಸುತ್ತಾರೆ, ನಿಹಾರಿ ತಿನ್ನಿಸುತ್ತಾರೆ. ಗಾಲಿಬ್ ಬಾಳಿದ ಮನೆಯ ಒಂದು ಭಾಗ 2000ದಿಂದ ಸ್ಮಾರಕವಾಗಿದೆ. ಚಾಂದನಿ ಚೌಕಕ್ಕೆ 2021ರಲ್ಲಿ ಕೆಂಪು ಕಲ್ಲು ಹಾಸಿ, ಹಗಲು ಮೋಟಾರು ವಾಹನ ನಿಲ್ಲಿಸಿದರು. ಉರ್ದು ಬಜಾರಿನಲ್ಲಿ ಪುಸ್ತಕದಂಗಡಿಗಳು ಕಡಿಮೆಯಾಗಿ ತಿಂಡಿಯಂಗಡಿಗಳು ಹೆಚ್ಚಿವೆ. ಅಲ್ಲಿ ನಾವು ಸಬೂಹಿಯ ಪುಸ್ತಕ ಕೇಳಿದಾಗ ಅಂಗಡಿಯ ಹಿರಿಯರು ಧೂಳು ಕೊಡವಿ ಒಂದು ಪ್ರತಿ ಕೊಟ್ಟು, “ಮಿಯಾ, ಕಬಾಬು ತಿನ್ನಲು ಬರುವವರೇ ಎಲ್ಲ, ಕಬಾಬಿಯ ಬಗ್ಗೆ ಓದುವವರು ನೀವೊಬ್ಬರು” ಎಂದರು. ಅವರ ಮಾತಿಗೆ ನಕ್ಕೆವು. ಆದರೆ ಇಂದಿನ ಕಬಾಬಿಯ ಬಗ್ಗೆ ಪುಸ್ತಕ ಕೇಳಿದ್ದರೆ ಅವರಲ್ಲಿ ಅದು ಇರುತ್ತಿರಲಿಲ್ಲ. ಸದರ್ ಬಜಾರಿನ ಬಾರಾ ಟೂಟಿ ಚೌಕದ ದಿನಗೂಲಿಗಳ ಬಗ್ಗೆ ಅಮನ್ ಸೇಠಿ 2011ರಲ್ಲಿ ‘ಎ ಫ್ರೀ ಮ್ಯಾನ್’ ಬರೆದಿದ್ದಾರೆ, ಅದೂ ಇಂಗ್ಲಿಷ್. ನಮ್ಮ ಕಾಲಿಗೆ ಚಕ್ರ ತಾಗಿಸಿದ ರಿಕ್ಷಾದವನಂಥವರು ನಮಗೆ ಸಿಕ್ಕಿದ್ದು ಆ ಪುಸ್ತಕದಲ್ಲಿ.

ಕನ್ನಡಕ್ಕೆ ಬಂದರೆ ನಮ್ಮ ಸ್ಥಿತಿಯೂ ಬೀಗುವಂಥದ್ದಲ್ಲ. ಬೊಳುವಾರರ ಮುತ್ತುಪ್ಪಾಡಿ, ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರ ನಮಗೆ ಸಿಕ್ಕಿವೆ. ಬಾನು ಮುಷ್ತಾಕರ ಕಥೆಗಳ ಹೆಂಗಸರನ್ನು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಜಗತ್ತೇ ಓದುತ್ತಿದೆ. ಆದರೆ ಮೈಸೂರಿನಲ್ಲಿ ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ ಎಂದು ಎಲ್ಲ ಜಾತಿಯವರೂ ದಿನಾ ಹೇಳುವ ಆ ಹೆಸರುಗಳ ಒಳಗಿನ ಬೀದಿಗಳು ನಮ್ಮ ಕಥೆಗಳಲ್ಲಿ ಎಷ್ಟು ಬಂದಿವೆ? ಬೆಂಗಳೂರಿನ ಶಿವಾಜಿನಗರ ಬಂದರೆ ಬಿರಿಯಾನಿಯೋ ಗಲಭೆಯೋ ಆಗಿ ಬರುತ್ತದೆ. ಗುಜರಿ ಅಂಗಡಿಯವನು ಗುಜರಿಯ ಬೆಲೆ ಲೆಕ್ಕ ಹಾಕುತ್ತ ಕೂತಿರುವುದು ಅಪರೂಪ. ಈ ದೂರಿನಲ್ಲಿ ನಮ್ಮ ಕಥೆಗಳೂ ಸೇರಿವೆ.

ಸಬೂಹಿಯವರನ್ನು ಕನ್ನಡಕ್ಕೆ ತರುವವರಿಗೆ ಒಂದು ಮಾತು. ಮಿಟ್ಠು ಭಟಿಯಾರಾನ ಬಾಯಲ್ಲಿ ಶಿಷ್ಟ ಕನ್ನಡ ಇಡಬೇಡಿ. ನಮ್ಮ ಪೇಟೆಗಳಲ್ಲಿ ದಖನಿ ಬೆರೆತ ಕನ್ನಡವೊಂದಿದೆ. ಬಾಳೆಮಂಡಿಯಲ್ಲಿ, ಮಟನ್ ಅಂಗಡಿಯ ಮುಂದೆ, ಆಟೋ ನಿಲ್ದಾಣದಲ್ಲಿ ಅದು ದಿನವೂ ಕೇಳಿಸುತ್ತದೆ. ಮೊದಲ ಕರಡನ್ನು ಅಲ್ಲಿ ಯಾರಿಗಾದರೂ ಓದಿ ಹೇಳಿ, ಅವರು ಎಲ್ಲೆಲ್ಲಿ ತಿದ್ದುತ್ತಾರೋ ಬರೆದುಕೊಳ್ಳಿ.