ಪಂಚಾಂಗ ಹಿಡಿದು ಕಡಲಿಗೆ ಬನ್ನಿ

ಶುಕ್ರವಾರ ರಾತ್ರಿ ಗದಗ ಬಸ್ ನಿಲ್ದಾಣದಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗರ ಗುಂಪು ಕಂಡರೆ ನನಗೆ ಮೊದಲು ಖುಷಿಯಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಬಯಲುಸೀಮೆಯವರು ಕಡಲು ನೋಡಲು ಹೊರಟಿದ್ದಾರಲ್ಲ ಎಂದು ಖುಷಿ. ಆ ಚೀಲದಲ್ಲಿ ಎಲ್ಲಕ್ಕಿಂತ ಮೊದಲು ಸೇರಿದ್ದು ಸ್ಪೀಕರ್ ಎಂದು ಸಿಟ್ಟು. ಇವರು ಶನಿವಾರ ಬೆಳಗ್ಗೆ ಗೋಕರ್ಣಕ್ಕೆ ಇಳಿಯುತ್ತಾರೆ, ಮಧ್ಯಾಹ್ನದೊಳಗೆ ಕುಡ್ಲೆ, ಓಂ, ಹಾಫ್ ಮೂನ್ ಎಂದು ಮೂರು ಬೀಚ್ ಮುಗಿಸುತ್ತಾರೆ, ಸಂಜೆ ಸೂರ್ಯನನ್ನು ಅಂಗೈಯಲ್ಲಿ ಹಿಡಿದಂತೆ ಫೋಟೊ ತೆಗೆಸಿಕೊಳ್ಳುತ್ತಾರೆ, ರಾತ್ರಿಯಿಡೀ ಹಾಡು ಹಚ್ಚಿ ಕುಣಿಯುತ್ತಾರೆ. ಭಾನುವಾರ ಊರಿಗೆ ಬಂದು ‘ಸಮುದ್ರ ನೋಡಿ ಬಂದ್ವಿ’ ಅನ್ನುತ್ತಾರೆ. ಅವರು ನೋಡಿದ್ದು ನೀರು. ಸಮುದ್ರ ಅವರ ಕಣ್ಣಿಗೆ ಬಿದ್ದೇ ಇಲ್ಲ.

ಇಂಥವರು ಗದುಗಿನವರು ಎಂಬುದೇ ನನಗೆ ಹೆಚ್ಚು ನೋವು. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ನೆಲೆ ನಿಂತ ಊರು ನಮ್ಮದು. ಭೀಮಸೇನ ಜೋಶಿಯವರು ಬೆಳೆದ ಊರು. ವಿಲಂಬಿತ ಖ್ಯಾಲು ಮುಗಿಯುವವರೆಗೆ ಕದಲದೆ ಕೂರುವ ಹಿರಿಯರನ್ನು ವೀರೇಶ್ವರ ಪುಣ್ಯಾಶ್ರಮದಲ್ಲಿ ನಾನು ಬಾಲ್ಯದಿಂದ ನೋಡಿದ್ದೇನೆ. ಆ ಕೂರುವ ವಿದ್ಯೆಯನ್ನು ಇಲ್ಲೇ ಬಿಟ್ಟು ಕಡಲಿಗೆ ಹೋಗುವುದೇಕೆ? ಕಡಲೂ ವಿಲಂಬಿತದಲ್ಲೇ ಹಾಡುತ್ತದೆ. ಒಂದು ಇಳಿತಕ್ಕೆ ಆರು ತಾಸು ಹಿಡಿಯುತ್ತದೆ. ಅಲೆ ಬರೀ ತಬಲಾದ ಠೇಕಾ. ರಾಗ ಇರುವುದು ಭರತ-ಇಳಿತದಲ್ಲಿ.

ನನಗೂ ಇದು ಹುಟ್ಟಿನಿಂದ ಬಂದದ್ದಲ್ಲ. ಬೆಟಗೇರಿಯ ಗೆಳೆಯರೆಲ್ಲ ಸೇರಿ ಮೊದಲ ಸಲ ಕುಮಟಾದಿಂದ ಗೋಕರ್ಣದ ಕಡೆಗೆ ದಂಡೆಗುಂಟ ನಡೆದಾಗ ನಮಗೆ ಗೊತ್ತಿದ್ದುದು ಒಂದೇ: ಸಮುದ್ರ ಎಡಕ್ಕಿರಬೇಕು. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಒಂದು ಜಂಬಿಟ್ಟಿಗೆ ಗುಡ್ಡದ ಮೂಗು ಅಡ್ಡ ಬಂತು. ಅದರ ಬುಡದ ಬಂಡೆಗಳ ಮೇಲೆ ಹಾಯ್ದು ಹೋಗಬಹುದೆಂದು ಯಾರೋ ಹೇಳಿದ್ದರು. ಅರ್ಧ ದಾರಿಗೆ ನೀರು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಹೆದರಿ ಹಿಂದಕ್ಕೆ ಬಂದು ಒಂದು ಎತ್ತರದ ಬಂಡೆ ಏರಿ ಕುಳಿತೆವು. ಬುಟ್ಟಿ ಹೊತ್ತು ಆ ದಾರಿಯಲ್ಲಿ ಬಂದ ಅಜ್ಜಿಯೊಬ್ಬರನ್ನು ನಾನೇ ಕೇಳಿದೆ: “ಅವ್ವಾ, ಈ ನೀರು ಯಾವಾಗ ಇಳಿತೈತ್ರಿ?”

ಅವರು ಬುಟ್ಟಿ ಇಳಿಸದೆ ನಮ್ಮನ್ನು ನೋಡಿದರು. “ತಮಾ, ಪಂಚಾಂಗ ನೋಡ್ಕಂಡ್ ಬರೂಕಾಗ್ಲಿಲ್ವ? ಇವತ್ತು ಅಮಾಸೆ.”

ಅಷ್ಟೇ ಮಾತು. ಮೂರು ತಾಸಿಗೂ ಹೆಚ್ಚು ಹೊತ್ತು ಆ ಬಂಡೆಯ ಮೇಲೆ ಕೂತಿದ್ದೆವು. ಮೊದಲ ತಾಸು ಬೇಸರ, ಬೈದಾಟ. ಎರಡನೆಯ ತಾಸಿನಲ್ಲಿ ಎದುರಿನ ಬಂಡೆಯ ಮೇಲೆ ಒಂದು ಒದ್ದೆ ಗೆರೆ ಕಂಡಿತು. ತುಸು ಹೊತ್ತಿನ ಮೇಲೆ ನೀರು ಆ ಗೆರೆಗಿಂತ ಒಂದು ಗೇಣು ಕೆಳಗಿತ್ತು. ಆಮೇಲೆ ಇನ್ನೊಂದು ಗೇಣು. ಅಲೆ ಮುಂದಕ್ಕೇ ಬರುತ್ತಿದೆ, ಕಡಲು ಮಾತ್ರ ಹಿಂದಕ್ಕೆ ಹೋಗುತ್ತಿದೆ! ಮೈ ಜುಮ್ಮೆಂದಿತು. ಅಂದಿನಿಂದ ನಾನು ಕಡಲಿಗೆ ರಜೆ ನೋಡಿ ಹೋಗಿಲ್ಲ, ತಿಥಿ ನೋಡಿ ಹೋಗಿದ್ದೇನೆ.

ಲೆಕ್ಕ ಕಠಿಣವಲ್ಲ. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಭರತಕ್ಕೆ ಹನ್ನೆರಡು ತಾಸು 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತು ನಾಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಚಂದ್ರ ಹುಟ್ಟುವ ಹೊತ್ತು ಜಾರುವಂತೆಯೇ. ನಮ್ಮ ಉತ್ತರ ಕನ್ನಡದ ದಂಡೆಯಲ್ಲಿ ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ಹಗಲಿನ ಭರತ ಮಧ್ಯಾಹ್ನಕ್ಕೆ ತುಸು ಮುಂಚೆ ಬರುತ್ತದೆ, ಸಂಜೆಯ ಹೊತ್ತಿಗೆ ನೀರು ಪೂರ್ತಿ ಇಳಿಯುತ್ತದೆ. ಏರಿಳಿತ ದೊಡ್ಡದಾಗಿರುವುದೂ ಆ ದಿನಗಳ ಸುತ್ತಲೇ, ಸೂರ್ಯ ಚಂದ್ರ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ. ಅಷ್ಟಮಿಯ ಸುಮಾರಿಗೆ ಇಬ್ಬರ ಎಳೆತ ಅಡ್ಡಡ್ಡ ಬಿದ್ದು ಕಡಲು ಸಪ್ಪಗಾಗುತ್ತದೆ. ಕಾರವಾರದ ಕಡೆ ದೊಡ್ಡ ಏರಿಳಿತವೆಂದರೆ ಒಂದೂವರೆಯಿಂದ ಎರಡು ಮೀಟರ್. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರಿನವರೆಗೂ ಹೋಗುತ್ತದೆ. ಅದನ್ನು ಕೇಳಿ ನಮ್ಮದು ಸಣ್ಣದೆನ್ನಬೇಡಿ. ಇಳಿಜಾರು ಕಡಿಮೆ ಇರುವ ಮರಳ ದಂಡೆಯಲ್ಲಿ ಎರಡು ಮೀಟರ್ ನೀರು ಇಳಿದರೆ ನಡೆಯಲು ಹೊಲದಷ್ಟು ಅಗಲದ ನೆಲ ತೆರೆದುಕೊಳ್ಳುತ್ತದೆ. ಅದೂ ಗಟ್ಟಿ ನೆಲ. ಒಣಮರಳಿನಲ್ಲಿ ಕಾಲು ಹೂತು ಮೀನಖಂಡ ನೋಯುತ್ತದೆ. ಆಗಷ್ಟೇ ನೀರು ಬಿಟ್ಟ ಮರಳು ನಮ್ಮ ಕಣದ ಹಾಗೆ ಬಿಗಿಯಾಗಿರುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವವರು, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವವರು ನಾವು. ಶಿರಹಟ್ಟಿ, ಮುಂಡರಗಿಯ ಯಾವ ಮನೆಯ ಗೋಡೆಯ ಮೇಲೂ ತಿಥಿ ಇರುವ ಕ್ಯಾಲೆಂಡರ್ ತೂಗುತ್ತಿರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಬಿದಿಗೆ, ತದಿಗೆ ಶನಿವಾರಕ್ಕೆ ಬೀಳುವ ವಾರ ಹುಡುಕಿ. ಆಗ ಬೆಳಗಿನ ಇಳಿತ ಸೂರ್ಯ ಹುಟ್ಟುವ ಆಸುಪಾಸಿಗೆ ಸಿಗುತ್ತದೆ, ತಂಪಿನಲ್ಲಿ ನಡೆಯಬಹುದು. ಮಧ್ಯಾಹ್ನದ ಭರತ ನೋಡಿ ನೆರಳಲ್ಲಿ ಕುಳಿತರೆ ಕತ್ತಲಾಗುವವರೆಗೆ ಪೂರ್ತಿ ಒಂದು ಇಳಿತ ಎದುರಿಗೆ ನಡೆಯುತ್ತದೆ. ಇದು ಅಂದಾಜಿನ ಲೆಕ್ಕ. ಗುಡ್ಡದ ಮೂಗು ದಾಟುವ ಮುಂಚೆ ಅಲ್ಲಿನ ಮೀನುಗಾರರನ್ನು ಕೇಳಲೇಬೇಕು.

ಕೂತಾಗ ಏನು ನೋಡಬೇಕು ಎಂದು ಹೊಸಬರು ಕೇಳುತ್ತಾರೆ. ಕಾಲ ಬಳಿ ನೋಡಿ. ನೀರು ಬಿಟ್ಟ ಮರಳಿನಲ್ಲಿ ಮೊದಲು ಒಂದು ಸಣ್ಣ ತೂತು ಬೀಳುತ್ತದೆ. ಉಗುರಿನಷ್ಟು ದೊಡ್ಡ ಏಡಿ ಹೊರಬಂದು ಎರಡೂ ಕೊಂಬಿನಿಂದ ಮರಳನ್ನು ಬಾಯಿಗೆ ಒತ್ತಿಕೊಳ್ಳುತ್ತದೆ, ಅದರಲ್ಲಿನ ಆಹಾರ ಸೋಸಿಕೊಂಡು ಉಳಿದ ಮರಳನ್ನು ಸಾಸಿವೆಗಿಂತ ತುಸು ದೊಡ್ಡ ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಒಂದು ಸಾಲು ಮುಗಿದರೆ ತೂತಿನ ಬಾಯಿಗೆ ಮರಳಿ ಇನ್ನೊಂದು ಸಾಲು. ತಾಸೆರಡು ತಾಸಿನಲ್ಲಿ ತೂತಿನ ಸುತ್ತ ರಂಗೋಲಿಯ ಎಳೆಗಳಂತೆ ಉಂಡೆಗಳು ಹರಡಿರುತ್ತವೆ. ಉಂಡೆ ವಿರಳವಾಗಿದ್ದರೆ ನೀರು ಈಗಷ್ಟೇ ಇಳಿದಿದೆ; ನೆಲವೆಲ್ಲ ಮುಚ್ಚಿದ್ದರೆ ಇಳಿದು ಬಹಳ ಹೊತ್ತಾಗಿದೆ, ಭರತ ತಿರುಗುವ ಸಮಯ. ಒಂದು ಸಲ ಬಾಡದ ದಂಡೆಯಲ್ಲಿ ಲಕ್ಷ್ಮೇಶ್ವರದ ಹುಡುಗನೊಬ್ಬ ಒಂದೇ ಏಡಿಯ ಮುಂದೆ ಎರಡೂವರೆ ತಾಸು ಬೋರಲು ಮಲಗಿದ್ದ. ಚಹಾ ಕುಡಿಯಲು ಕರೆದರೆ ಕೈ ಮಾಡಿ ‘ತಡೀರಿ’ ಎಂದ. ನನ್ನ ಇಪ್ಪತ್ತು ವರ್ಷದ ನಡಿಗೆಗಳಲ್ಲಿ ಅದು ಮರೆಯಲಾರದ ಮಧ್ಯಾಹ್ನ.

ದಾರಿಯ ವಿಷಯ ಹೆಚ್ಚು ಹೇಳಲಾರೆ. ವನ್ನಳ್ಳಿ, ಕಡ್ಲೆ, ಬಾಡ ದಾಟಿ ಅಘನಾಶಿನಿ, ದೋಣಿಯಲ್ಲಿ ತದಡಿ, ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಗೋಕರ್ಣದ ದಂಡೆಗಳು. ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ನಿಷೇಧದ ಕಾರಣಕ್ಕೆ ದಡದಲ್ಲಿರುತ್ತವೆ. ಎಂಟು ಜನಕ್ಕಿಂತ ಹೆಚ್ಚಿದ್ದರೆ ಅದು ಜಾತ್ರೆ. ಸಿಕ್ಕಲ್ಲಿ ಡೇರೆ ಹೊಡೆಯಬೇಡಿ, ಊರವರನ್ನು ಕೇಳಿ, ಅವರ ಅಂಗಳದಲ್ಲೋ ತೋಟದಲ್ಲೋ ಹಾಕಿ. ಈ ದಂಡೆಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನಿಮ್ಮ ಬಣ್ಣದ ದೀಪ ಮರಿಗಳ ದಾರಿ ತಪ್ಪಿಸಿ ನೀರಿನ ಬದಲು ನೆಲದ ಕಡೆಗೆ ನಡೆಸುತ್ತದೆ. ಈ ಒಂದು ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಅಘನಾಶಿನಿಯಲ್ಲಿ ಮಾತ್ರ ಅವಸರ ಮಾಡಬೇಡಿ. ಶಿರಸಿಯಲ್ಲಿ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ ಅದು. ಭರತ ನದಿಯೊಳಕ್ಕೆ ಹತ್ತಾರು ಕಿಲೋಮೀಟರ್ ಏರುತ್ತದೆ. ಅದರ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತವನ್ನು ಗಜನಿ ಗದ್ದೆಗಳಲ್ಲಿ ಬೆಳೆಯುತ್ತಾರೆ. ಸಾಣಿಕಟ್ಟೆಯ ಉಪ್ಪಿನಾಗರಗಳಿಗೂ ಇದೇ ನೀರು. ಇಳಿತಕ್ಕೆ ಕೆಸರು ಬಯಲಾದಾಗ ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ, ಕಾಲಬೆರಳಿನಿಂದ ತಡವಿ ಬೆಳಚು ಎಂಬ ಕಪ್ಪೆಚಿಪ್ಪು ಎತ್ತುತ್ತಾರೆ. ಇಡೀ ಊರಿನ ದಿನಚರಿ ಗಡಿಯಾರಕ್ಕಲ್ಲ, ನೀರಿಗೆ ಕಟ್ಟಿದೆ. 2024ರಲ್ಲಿ ಅಘನಾಶಿನಿ ಅಳಿವೆ ಮಹತ್ವದ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಅದರ ಜೊತೆಗೇ ಸೇರಿದ್ದು ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಚಳಿಗಾಲದ ಬೆಳಗ್ಗೆ ಆ ಕೆರೆಯ ಏರಿಯ ಮೇಲೆ ಮಾತಿಲ್ಲದೆ ಕುಳಿತು ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದವರಿಗೆ ಅರ್ಧ ವಿದ್ಯೆ ಬಂದಂತೆಯೇ. ಹೊಸಬರನ್ನು ನಾನು ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ. ಅಲ್ಲಿ ಒಂದು ತಾಸು ಸುಮ್ಮನೆ ಕೂರಲಾಗದವರನ್ನು ಕಡಲಿಗೆ ಕರೆಯುವುದಿಲ್ಲ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮಾದಲಿ. ಒಲೆ ಹೊರುವುದು ಬೇಡ. ರೊಟ್ಟಿ ನಾಲ್ಕು ಹೆಚ್ಚೇ ಇರಲಿ, ದೋಣಿಯವರ ಮನೆಗೆ ಕೊಡಲು. ಹೋದ ಸಲ ಅವರು ಅದಕ್ಕೆ ಬದಲಾಗಿ ಒಂದು ಸೇರು ಕಗ್ಗದ ಅಕ್ಕಿ ಕಟ್ಟಿಕೊಟ್ಟರು. ಎಳ್ಳ ಅಮಾವಾಸ್ಯೆ ಮುಗಿದ ಮೇಲಿನ ತದಿಗೆಗೆ ನಾವು ಮತ್ತೆ ಹೊರಡುತ್ತೇವೆ. ಮುಂಡರಗಿ ಕಡೆಯಿಂದ ಬರುವವರು ಹಿಂದಿನ ರಾತ್ರಿ ಒಂಬತ್ತಕ್ಕೆ ಗದಗ ನಿಲ್ದಾಣದಲ್ಲಿರಬೇಕು, ಸ್ಪೀಕರ್ ಮನೆಯಲ್ಲಿರಬೇಕು.